ಒಂಬತ್ತು ಗಂಟೆ ಹತ್ತು ನಿಮಿಷ

ಎರಡು ಊರುಗಳ ನಡುವೆ ವಿಮಾನ ಎಷ್ಟು ಹೊತ್ತು ಹಾರುತ್ತದೆ ಎಂದು ಯಾರು ಕೇಳಿದರೂ ನಿಮಿಷಪ್ಪ "ಸುಮಾರು" ಎಂದು ಹೇಳಿದವನಲ್ಲ. ಆ ಪದ ಕಿವಿಗೆ ಬಿದ್ದರೇ ಅವನಿಗೆ ಮೈ ಉರಿಯುತ್ತಿತ್ತು. ಸುಮಾರು ಎಂದು ಹೇಳುವುದಕ್ಕೆ ಒಬ್ಬ ಮನುಷ್ಯ, ಒಂದು ಕುರ್ಚಿ, ಒಂದು ಫ್ಯಾನು ಯಾಕೆ ಬೇಕು, ಬೀದಿಯಲ್ಲಿ ಹೋಗುವವರನ್ನೇ ನಿಲ್ಲಿಸಿ ಕೇಳಬಹುದಲ್ಲ ಎಂಬುದು ಅವನ ವಾದ. ಒಂದೇ ಟ್ರಾವೆಲ್ ಏಜೆನ್ಸಿಯ ಒಂದೇ ಕುರ್ಚಿಯಲ್ಲಿ ಕುಳಿತು ಮೂವತ್ತನಾಲ್ಕು ವರ್ಷ ಇದೊಂದನ್ನೇ ಹೇಳುತ್ತ ಬಂದಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಬಳಸುತ್ತಿದ್ದವನು ಪೋಸ್ಟ್‌ಮ್ಯಾನ್ ಒಬ್ಬನೇ.

ಆಫೀಸು ಎಂದರೆ ಉದ್ದನೆಯ ಒಂದೇ ಕೋಣೆ. ಬಾಗಿಲ ಹತ್ತಿರ ಟಿಕೆಟ್ ಮೇಡಂ ಮತ್ತು ಅವರ ಕಂಪ್ಯೂಟರು. ಹಿಂದಿನ ಗೋಡೆಗೆ ತಾಗಿ ನಿಮಿಷಪ್ಪನ ಮೇಜು, ಮೇಜಿನ ಮೇಲೆ ಒಂದು ಗ್ಲೋಬು. ಅದರ ಮೇಲಿನ ಸಮುದ್ರಗಳೆಲ್ಲ ಜನರ ಬೆರಳು ತಾಗಿ ತಾಗಿ ಬಿಳಚಿಕೊಂಡಿದ್ದವು. ಡ್ರಾಯರಿನಲ್ಲಿ ಮೇಣ ಸವರಿದ ಒಂದು ದಾರ. ದಾರಕ್ಕೆ ಎರಡೆರಡು ಸೆಂಟಿಮೀಟರಿಗೆ ಒಂದೊಂದು ಗಂಟು. ಆ ಗ್ಲೋಬಿನ ಅಳತೆಗೆ ಒಂದು ಗಂಟು ಎಂದರೆ ಒಂದು ಗಂಟೆಯ ಹಾರಾಟ. ಈ ಊರಿನ ಮೇಲೆ ಎಡಗೈ ಹೆಬ್ಬೆರಳು, ಆ ಊರಿನ ಮೇಲೆ ಬಲಗೈ ಹೆಬ್ಬೆರಳು, ನಡುವೆ ದಾರ ಬಿಗಿಯಾಗಿ ಎಳೆದು ಗಂಟು ಎಣಿಸುವುದು, ಏರುವುದಕ್ಕೂ ಇಳಿಯುವುದಕ್ಕೂ ಸೇರಿಸಿ ಅರ್ಧ ಗಂಟೆ ಕೂಡಿಸುವುದು, ಗಾಳಿ ಎದುರಿದ್ದರೆ ಇನ್ನಷ್ಟು ಕೂಡಿಸಿ ಬೆನ್ನಿಗಿದ್ದರೆ ಅಷ್ಟು ಕಳೆಯುವುದು. ಇಷ್ಟೇ ವಿದ್ಯೆ. ಈ ವಿದ್ಯೆಯಲ್ಲಿ ಅವನು ಕಂಪ್ಯೂಟರಿಗಿಂತ ಐದು ನಿಮಿಷ ಆಚೆ ಈಚೆ ಆದದ್ದನ್ನು ಟಿಕೆಟ್ ಮೇಡಂ ಕಂಡಿರಲಿಲ್ಲ. ಹಾಗೆ ಆದ ಒಂದೆರಡು ಸಲ ತಪ್ಪು ಕಂಪ್ಯೂಟರಿನದು ಎಂದು ಅವನು ಮೊದಲೇ ಹೇಳಿಟ್ಟಿದ್ದ.

ಈಗೆಲ್ಲ ಜನ ಫೋನು ನೋಡಿಕೊಂಡೇ ಬರುತ್ತಾರೆ. ಆದರೂ ಬರುತ್ತಾರೆ. ಫೋನಿಗೆ ಜಗಳ ಆಡಲು ಬರುವುದಿಲ್ಲವಲ್ಲ.

"ಹೋಗಕ್ಕೆ ಜಾಸ್ತಿ, ಬರಕ್ಕೆ ಕಮ್ಮಿ ಅಂತಿದೀರಿ. ರಸ್ತೆ ಒಂದೇ ತಾನೆ?" ಎನ್ನುತ್ತಾರೆ.

"ರಸ್ತೆ ಅಲ್ಲ ಸ್ವಾಮಿ, ಗಾಳಿ. ಮೇಲೆ ಗಾಳಿ ಪಡುವಣದಿಂದ ಬೀಸುತ್ತೆ. ಹೋಗುವಾಗ ಎದೆಗೆ, ಬರುವಾಗ ಬೆನ್ನಿಗೆ. ನೀವು ಸೈಕಲ್ ಹೊಡೆದಿಲ್ವಾ?"

ಅವನದು ಎರಡು ಕಟ್ಟಳೆ. ಹಾರಾಟದ ಸಮಯವೆಂದರೆ ಚಕ್ರ ನೆಲ ಬಿಟ್ಟಲ್ಲಿಂದ ಚಕ್ರ ನೆಲ ಮುಟ್ಟುವವರೆಗೆ. ಬಾಗಿಲು ಹಾಕಿದ್ದು, ಬೆಲ್ಟು ಕಟ್ಟಿದ್ದು, ಲಗೇಜಿಗೆ ಕಾದದ್ದು ಲೆಕ್ಕಕ್ಕಿಲ್ಲ. ಇದು ಒಂದು. ವಿಮಾನ ತಡವಾದರೆ "ತಡವಾಗಿದೆ" ಎಂದಷ್ಟೇ ಹೇಳಬೇಕು, ಕಾರಣ ಹೇಳಬಾರದು. ಇದು ಇನ್ನೊಂದು. ಕಾರಣ ಹೇಳಿದರೆ ಜನ ಅದನ್ನೇ ಹಿಡಿದುಕೊಂಡು ಮೈಮೇಲೆ ಬೀಳುತ್ತಾರೆ, ಹೇಳದಿದ್ದರೆ ಸ್ವಲ್ಪ ಹೊತ್ತು ಗೊಣಗಿ ಹೋಗಿ ಕೂರುತ್ತಾರೆ ಎಂಬುದು ಅವನ ಅನುಭವ.

ಇಷ್ಟೆಲ್ಲ ಬಲ್ಲ ನಿಮಿಷಪ್ಪ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಕೇಳಿದವರಿಗೆ "ನನಗೆಲ್ಲಿದೆ ಬಿಡುವು" ಎನ್ನುತ್ತಿದ್ದ. ಹೆಂಡತಿಗೆ ಮಾತ್ರ ನಿಜ ಗೊತ್ತಿತ್ತು. ಅವನಿಗೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತರೂ ಕಾಲು ನಡುಗುತ್ತಿತ್ತು. ಬಟ್ಟೆ ಒಣಹಾಕುವ ಕೆಲಸ ಅವಳೊಬ್ಬಳ ಪಾಲಿಗೆ ಬಂದದ್ದು ಆ ಕಾರಣಕ್ಕೆ.

ಅವನಿಗೆ ಗಡಿಯಾರ ನೋಡಲು ಕಲಿಸಿದವನು ಭಾವ, ಅಕ್ಕನ ಗಂಡ. ಅಕ್ಕನ ಮದುವೆಯಾದಾಗ ನಿಮಿಷಪ್ಪನಿಗೆ ಹನ್ನೊಂದು ವರ್ಷ, ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ವಾಚು ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದ ಭಾವ ಹೆಂಡತಿಯ ಜೊತೆ ಹೆಂಡತಿಯ ತಮ್ಮನನ್ನೂ ಮನೆಗೆ ಕರೆದುಕೊಂಡು ಬಂದ. ಒಬ್ಬಳನ್ನು ತರಲು ಹೋದವನು ಇಬ್ಬರನ್ನು ತಂದನಲ್ಲ ಎಂದು ನಕ್ಕವರಿಗೆ, "ಗಡಿಯಾರಕ್ಕೆ ಎರಡು ಮುಳ್ಳು ಬೇಕಲ್ಲಯ್ಯ" ಎಂದು ಹೇಳಿದನಂತೆ. ಓದಿಸಿದ, ಬೈದ, ಜ್ವರ ಬಂದಾಗ ಪಕ್ಕದಲ್ಲಿ ಕುಳಿತ. ಕೆಲಸ ಸಿಕ್ಕ ದಿನ ತಾನೇ ಜೋಡಿಸಿದ ಕೀ ಕೊಡುವ ವಾಚೊಂದನ್ನು ಅವನ ಕೈಗೆ ಕಟ್ಟಿದ. ಅದೇ ವರ್ಷ ಭಾವನಿಗೆ ದೂರದ ಊರೊಂದರ ಗಡಿಯಾರ ಕಾರ್ಖಾನೆಯಲ್ಲಿ ಕೆಲಸವಾಯಿತು. ಅಕ್ಕ ಭಾವ ಹೊರಟ ಮರುದಿನ ನಿಮಿಷಪ್ಪ ಆಫೀಸಿನ ಗ್ಲೋಬಿನ ಮೇಲೆ ಮೊದಲ ಸಲ ದಾರ ಎಳೆದ. ಏಳು ಸಾವಿರದ ನಾನೂರು ಕಿಲೋಮೀಟರು. ಒಂಬತ್ತು ಗಂಟೆ ಹತ್ತು ನಿಮಿಷ. ದಾರದ ಉದ್ದ ನೋಡಿದರೆ ಒಂದು ಗೇಣೂ ಇರಲಿಲ್ಲ. ಆ ಹೊತ್ತಿಗೆ ಆಫೀಸಿನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವನು ಸ್ವಲ್ಪ ಅತ್ತ.

ಎರಡು ವರ್ಷಕ್ಕೊಮ್ಮೆ ಅಕ್ಕ ಭಾವ ಬರುತ್ತಿದ್ದರು. ಬಂದ ದಿನವೇ ಭಾವ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನಿಮಿಷಪ್ಪನ ವಾಚು ಬಿಚ್ಚಿ, ಒರೆಸಿ, ಎಣ್ಣೆ ಮುಟ್ಟಿಸಿ ಮತ್ತೆ ಮುಚ್ಚುತ್ತಿದ್ದ. ಬೇರೆಯವರ ಕೈಗೆ ಆ ವಾಚು ಹೋಗಿದ್ದಿಲ್ಲ. ಹೀಗೆ ಬಂದ ಒಂದು ಸಲ, ನೆಂಟರೆಲ್ಲ ಕೂಡಿ ಊಟ ಮಾಡುವಾಗ ಯಾರೋ ಕೇಳಿದರು: "ಅಲ್ಲಿಂದ ಇಲ್ಲಿಗೆ ಎಷ್ಟೊತ್ತು?"

"ಎಂಟೂವರೆ ಗಂಟೆ," ಎಂದ ಭಾವ. "ಹೋದರೂ ಅಷ್ಟೆ, ಬಂದರೂ ಅಷ್ಟೆ."

ನಿಮಿಷಪ್ಪ ತುತ್ತು ಕೆಳಗಿಟ್ಟ. "ಬರೋಕೆ ಎಂಟೂವರೆ ಭಾವ. ಹೋಗೋಕೆ ಒಂಬತ್ತು ಹತ್ತು."

"ನಾನು ಕೂತು ಬಂದಿದೀನಪ್ಪ. ಗಡಿಯಾರ ನೋಡ್ಕೊಂಡು ಬಂದಿದೀನಿ."

"ಹೋಗುವಾಗ ನೋಡಿದೀರಾ?"

ಹೋಗುವಾಗ ಭಾವ ನೋಡಿರಲಿಲ್ಲ. ಹೋಗುವಾಗ ಅವನು ನಿದ್ದೆ ಮಾಡುತ್ತಿದ್ದ, ಅಥವಾ ಹಾಗೆಂದು ಎಲ್ಲರೂ ತಿಳಿದಿದ್ದರು. ಆದರೆ ನಾಲ್ಕು ಜನರ ಎದುರು, ಜೀವಮಾನವೆಲ್ಲ ಗಡಿಯಾರದ ಹೊಟ್ಟೆಯೊಳಗೆ ಕಣ್ಣಿಟ್ಟು ಬದುಕಿದವನಿಗೆ, ಗಡಿಯಾರ ನೋಡಲು ತಾನೇ ಕಲಿಸಿದ ಹುಡುಗ ಸಮಯ ಹೇಳಿಕೊಡುವುದೆಂದರೆ ಪಿತ್ತ ನೆತ್ತಿಗೇರದೆ ಇರುತ್ತದೆಯೇ? ನಿಮಿಷಪ್ಪನೂ ಸುಮ್ಮನಿರಲಿಲ್ಲ. ಗಾಳಿಯ ವಿಷಯ ಶುರು ಮಾಡಿದ. ಎದೆ ಅಂದ, ಬೆನ್ನು ಅಂದ, ಸೈಕಲ್ ಅಂದ.

"ಗಾಳಿಯಂತೆ ಗಾಳಿ!" ಎಂದ ಭಾವ. "ವಿಮಾನದ ಮೆಟ್ಟಿಲು ಮುಟ್ಟದವನು ನನಗೆ ಗಾಳಿ ಕಥೆ ಹೇಳ್ತಾನೆ. ಬಾಲ್ಕನಿಗೆ ಹೋಗಿ ನಿಂತು ತೋರಿಸು ನೋಡೋಣ."

ನೆಂಟರು ನಕ್ಕರು. ಆ ನಗೆಯೇ ಎಡವಟ್ಟು ಮಾಡಿದ್ದು. ನಿಮಿಷಪ್ಪ ಊಟ ಬಿಟ್ಟು ಎದ್ದ. ಹೊರಡುವ ದಿನ ಬಾಗಿಲಲ್ಲಿ ನಿಂತು ಭಾವ, "ನೀನೇ ಬಂದು ಅಳೆದು ಹೇಳು. ಅಲ್ಲಿವರೆಗೂ ನಾನು ಈ ಕಡೆ ತಲೆ ಹಾಕಲ್ಲ" ಎಂದ. "ತಪ್ಪು ಒಪ್ಪಿಕೊಂಡು ಫೋನ್ ಮಾಡಿ, ಆವತ್ತೇ ಬರ್ತೀನಿ" ಎಂದ ನಿಮಿಷಪ್ಪ. ನಲವತ್ತು ನಿಮಿಷದ ವ್ಯತ್ಯಾಸ. ಜಗತ್ತಿನಲ್ಲಿ ಆಸ್ತಿಗಾಗಿ ಮುರಿದ ಸಂಬಂಧಗಳಿವೆ, ಮಾತಿಗಾಗಿ ಮುರಿದವಿವೆ. ಎದುರು ಗಾಳಿಗೆ ಮುರಿದದ್ದು ಬಹುಶಃ ಇದೊಂದೇ.

ಹನ್ನೊಂದು ವರ್ಷ ಹಾಗೇ ಕಳೆಯಿತು. ಅಕ್ಕ ಒಮ್ಮೆ ಒಬ್ಬಳೇ ಬಂದು ಹೋದಳು, ಆಮೇಲೆ ಮಂಡಿ ನೋವು ಅವಳನ್ನು ಕೂರಿಸಿತು. ಭಾನುವಾರ ಭಾನುವಾರ ಫೋನು ಬರುತ್ತಿತ್ತು.

"ಭಾವ ಏನಂತಾರೆ?" ಎಂದು ಕೇಳುತ್ತಿದ್ದ ಕೊನೆಯಲ್ಲಿ.

"ಇಲ್ಲೇ ಕೂತಿದಾರೆ. ಕೆಮ್ಮಿದ್ರು."

"ನಾನೂ ಕೆಮ್ಮಿದೆ ಅಂತ ಹೇಳು."

ಇಷ್ಟರಲ್ಲೇ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು. ವಾಚನ್ನು ನಿಮಿಷಪ್ಪ ಬೇರೆ ಯಾರಿಗೂ ಕೊಡಲಿಲ್ಲ. ಒಳಗೆ ಎಣ್ಣೆ ಒಣಗಿ ಅದು ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳತೊಡಗಿತು. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ನಾಲ್ಕು ನಿಮಿಷ ಮುಂದೆ ತಿರುಗಿಸಿಕೊಂಡು ಆಫೀಸಿಗೆ ಹೋಗುತ್ತಿದ್ದ. ಇದನ್ನು ಕಂಡು ಹೆಂಡತಿ ನಿಟ್ಟುಸಿರನ್ನು ಸ್ವಲ್ಪ ಜೋರಾಗಿ ಬಿಡುತ್ತಿದ್ದಳು.

ಒಂದು ಭಾನುವಾರ ಅಕ್ಕನ ಧ್ವನಿ ಬೇರೆಯಾಗಿತ್ತು. ಭಾವನಿಗೆ ಮರೆವಿನ ಕಾಯಿಲೆ. ಮೊದಲು ಕನ್ನಡಕ ಮರೆತರು, ಆಮೇಲೆ ಬೀದಿ ಮರೆತರು, ಈಗ ಪಕ್ಕದ ಮನೆಯವರ ಮುಖ ಮರೆಯುತ್ತಿದ್ದಾರೆ. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೇಳಿದ್ದಾರೆ. ಸಾಯುವುದಕ್ಕಲ್ಲ, ಗುರುತು ಹಿಡಿಯುವುದಕ್ಕೆ.

"ನಿನ್ನ ಮುಖ ಇನ್ನೂ ನೆನಪಿದೆ ಕಣೋ. ಫೋಟೋ ತೋರಿಸಿದ್ರೆ ಹೆಸರು ಹೇಳ್ತಾರೆ. ಈಗಲೇ ಬಂದು ಒಂದು ಮಾತಾಡಿ ಹೋಗು."

ನಿಮಿಷಪ್ಪ ಕೇಳಿದ: "ಭಾವ ಬಾ ಅಂದ್ರಾ?"

"ಅನ್ನಬೇಕು ಅನ್ನೋದು ಅವರಿಗೆ ನೆನಪಿರಬೇಕಲ್ಲೋ."

ಇಷ್ಟು ಕೇಳಿದ ಮೇಲೂ ಅವನು ಹೊರಡಲಿಲ್ಲ. ಇದನ್ನು ಹೇಳಲು ನನಗೇನೂ ಸಂತೋಷವಿಲ್ಲ, ಆದರೆ ನಡೆದದ್ದು ಹೀಗೆ. ಪಾಸ್‌ಪೋರ್ಟ್ ಆಗಬೇಕು ಎಂದ. ಅದು ಇಪ್ಪತ್ತು ದಿನದಲ್ಲಿ ಕೈಗೆ ಬಂತು. ರಜೆಯ ಸೀಸನ್ನು, ಆಫೀಸಿನಲ್ಲಿ ಜನ ಜಾಸ್ತಿ ಎಂದ. ಸೀಸನ್ನು ಮುಗಿಯಿತು. ಮೇಲೆ ಗಾಳಿ ಜೋರಾಗಿದೆ, ಹೋಗುವ ದಾರಿ ಒಂಬತ್ತು ಹತ್ತಕ್ಕಿಂತ ಜಾಸ್ತಿ ಹಿಡಿದರೆ ಅಳತೆ ಕೆಡುತ್ತದೆ ಎಂದ. ಇದನ್ನು ಕೇಳಿ ಹೆಂಡತಿ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು.

"ರೀ, ನಿಮಗೆ ಹೆದರಿಕೆ ಆಗ್ತಿದ್ರೆ ಹೆದರಿಕೆ ಅನ್ನಿ. ಪಾಪ ಆ ಗಾಳಿ ಮೇಲೆ ಯಾಕೆ ಹಾಕ್ತೀರಿ?"

"ಹೆದರಿಕೆ ಅಲ್ಲ. ಅವರು ಒಂದು ಮಾತು ಒಪ್ಕೊಳ್ಳಲಿ."

"ಒಪ್ಕೊಳ್ಳೋಕೆ ಅವರು ಅಲ್ಲಿರಬೇಕಲ್ಲ! ಅತ್ತಿಗೆ ನಿನ್ನೆ ಹೇಳಿದ್ರು. ನಿಮ್ಮ ಫೋಟೋ ತೋರಿಸಿದ್ರೆ ಅರ್ಧ ನಿಮಿಷ ಯೋಚನೆ ಮಾಡಿದ್ರಂತೆ."

ಅರ್ಧ ನಿಮಿಷ ಎಂಬುದು ನಿಮಿಷಪ್ಪನಿಗೆ ನಾಟಿತು. ಬೇರೆ ಯಾರಾದರೂ "ತುಂಬ ಹೊತ್ತು" ಎಂದಿದ್ದರೆ ಅವನು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಅರ್ಧ ನಿಮಿಷಕ್ಕೆ ಅಳತೆಯಿದೆ, ಅದು ಬೆಳೆಯುತ್ತದೆ. ಮರುದಿನ ಆಫೀಸಿಗೆ ಹೋದವನೇ ಟಿಕೆಟ್ ಮೇಡಂ ಎದುರು ಗಿರಾಕಿಯ ಕುರ್ಚಿಯಲ್ಲಿ ಕುಳಿತ. ಮೇಡಂ ಯಾರಿಗೆಂದು ಕೇಳಿದರು. "ನನಗೇ" ಎಂದ. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಹೋಗಕ್ಕೆ ಎಷ್ಟೊತ್ತು ಗೊತ್ತಲ್ಲ?" ಎಂದರು. ಅವನು ನಗಲಿಲ್ಲ. ಆದರೂ ಸೀಟು ಸಿಕ್ಕಿದ್ದು ಮೂರು ವಾರದ ಆಚೆಗೆ. ಅಕ್ಕ ಮೊದಲ ಸಲ ಕರೆದಲ್ಲಿಂದ ಲೆಕ್ಕ ಹಾಕಿದರೆ ಐದು ತಿಂಗಳಾಗಿತ್ತು.

ವಿಮಾನದಲ್ಲಿ ಅವನು ಕಿಟಕಿಯ ಪಕ್ಕ ಬೇಡವೆಂದು ನಡುವಿನ ಸೀಟು ತೆಗೆದುಕೊಂಡಿದ್ದ. ಚಕ್ರ ನೆಲ ಬಿಟ್ಟದ್ದು ಕಣ್ಣಿಗೆ ಕಾಣಲಿಲ್ಲ, ಹೊಟ್ಟೆಗೆ ಗೊತ್ತಾಯಿತು. ಕಣ್ಣು ಮುಚ್ಚಿಕೊಂಡೇ ಮಣಿಕಟ್ಟು ಮುಖದ ಹತ್ತಿರ ತಂದು, ಒಂದೇ ಒಂದು ಕಣ್ಣು ತೆರೆದು ಸಮಯ ನೋಡಿ, ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅಕ್ಷರ ಅಂಕುಡೊಂಕಾಗಿತ್ತು. ಮುಂದಿನ ಸೀಟಿನ ಬೆನ್ನಲ್ಲಿದ್ದ ಪರದೆ ಇನ್ನು ಎಂಟು ಗಂಟೆ ಐವತ್ತು ನಿಮಿಷ ಎಂದು ತೋರಿಸುತ್ತಿತ್ತು. "ಸುಳ್ಳು" ಎಂದು ಅವನು ಪರದೆಗೆ ಹೇಳಿದ. ಪಕ್ಕದಲ್ಲಿದ್ದ ಹೆಂಗಸು ತನಗೆ ಹೇಳಿದ್ದೆಂದು ತಿಳಿದು ಹ್ಯಾಂಡ್‌ಬ್ಯಾಗನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು. ಒಂಬತ್ತು ಗಂಟೆಯೂ ಅವನು ಎರಡೂ ಕೈಯಲ್ಲಿ ಸೀಟಿನ ಕೈಗಳನ್ನು ಬಿಗಿಯಾಗಿ ಹಿಡಿದಿದ್ದ. ತಾನು ಬಿಟ್ಟರೆ ವಿಮಾನ ಬೀಳುತ್ತದೆಂದು ಅವನೇನೂ ನಂಬಿರಲಿಲ್ಲ. ಆದರೂ ಯಾಕೆ ಬಿಡಬೇಕು?

ಚಕ್ರ ನೆಲ ಮುಟ್ಟಿದಾಗ ವಾಚಿನ ಲೆಕ್ಕಕ್ಕೆ ಕಳೆದಿದ್ದದ್ದು ಒಂಬತ್ತು ಗಂಟೆ ಎಂಟೂವರೆ ನಿಮಿಷ. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುವ ವಾಚು ಒಂಬತ್ತು ಗಂಟೆಯಲ್ಲಿ ಒಂದೂವರೆ ನಿಮಿಷ ಬಿದ್ದಿರುತ್ತದೆ. ಕೂಡಿಸಿದರೆ ಒಂಬತ್ತು ಗಂಟೆ ಹತ್ತು ನಿಮಿಷ. ಅವನು ಎರಡು ಸಲ ಕೂಡಿಸಿ ನೋಡಿ, ಉತ್ತರದ ಕೆಳಗೆ ಗೆರೆ ಎಳೆದ. ಹನ್ನೊಂದು ವರ್ಷದ ಮೇಲೆ ಗೆದ್ದಿದ್ದ. ಭಾವ ಅದನ್ನು ಓದುವಾಗ ಮುಖ ಹೇಗೆ ಗಂಟು ಹಾಕಿಕೊಳ್ಳುತ್ತಾನೆ, ಆಮೇಲೆ ಹೇಗೆ ಬೆನ್ನಿಗೊಂದು ಗುದ್ದು ಕೊಡುತ್ತಾನೆ ಎಂಬುದೆಲ್ಲ ಟ್ಯಾಕ್ಸಿಯಲ್ಲಿ ಅವನ ಕಣ್ಣಿಗೆ ಕಟ್ಟಿತು. ಗುದ್ದು ತಿಂದ ಮೇಲೆ "ಬರೋಕೆ ಎಂಟೂವರೆ ಅಂದಿದ್ದು ಸರಿ ಭಾವ" ಎಂದು ತಾನೂ ಸ್ವಲ್ಪ ಬಿಟ್ಟುಕೊಡಬೇಕೆಂದು ನಿಶ್ಚಯಿಸಿದ.

ಮಧ್ಯಾಹ್ನದ ಹೊತ್ತು. ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದ ಅಕ್ಕ ಅವನ ಕೆನ್ನೆ ಮುಟ್ಟಿ ನೋಡಿ, "ಮುದುಕ ಆಗ್ಬಿಟ್ಯಲ್ಲೋ" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಒಳಗೆ ಗೋಡೆಯ ತುಂಬ ಗಡಿಯಾರಗಳಿದ್ದವು, ಒಂದೊಂದರಲ್ಲಿ ಒಂದೊಂದು ಸಮಯ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಭಾವ ಕುಳಿತಿದ್ದ. ಕೂದಲು ಬಾಚಿತ್ತು, ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿತ್ತು. ನಿಮಿಷಪ್ಪನನ್ನು ಕಂಡು ಎದ್ದು ನಿಂತ.

"ಬನ್ನಿ, ಬನ್ನಿ. ಕೂತ್ಕೊಳ್ಳಿ," ಎಂದ.

ನಲವತ್ತೇಳು ವರ್ಷದಲ್ಲಿ ಭಾವ ಅವನಿಗೆ "ಬನ್ನಿ" ಎಂದದ್ದು ಇದೇ ಮೊದಲು. ನಿಮಿಷಪ್ಪ ಅಕ್ಕನ ಕಡೆ ನೋಡಿದ. ಅಕ್ಕ ತಲೆ ಅಲ್ಲಾಡಿಸಿದಳು. "ಹೋದ ವಾರದಿಂದ" ಎಂದು ಮೆಲ್ಲಗೆ ಹೇಳಿದಳು. ಹೋದ ವಾರ. ಅವನು ಕುಳಿತ.

ಭಾವನ ಕಣ್ಣು ಅವನ ಮುಖದ ಮೇಲಿರಲಿಲ್ಲ, ಮಣಿಕಟ್ಟಿನ ಮೇಲಿತ್ತು. ಕೈ ಚಾಚಿದ. ನಿಮಿಷಪ್ಪ ವಾಚು ಬಿಚ್ಚಿ ಕೊಟ್ಟ. ಭಾವ ಅದನ್ನು ಕಿವಿಗೆ ಹಿಡಿದು ಕೇಳಿದ.

"ಹಿಂದೆ ಬೀಳ್ತಿದೆ. ದಿನಕ್ಕೆ ಮೂರೋ ನಾಲ್ಕೋ ನಿಮಿಷ. ಎಷ್ಟು ವರ್ಷ ಆಯ್ತು ಬಿಚ್ಚಿಸಿ?"

"ಹನ್ನೊಂದು."

"ತಪ್ಪು. ಒಳ್ಳೇ ವಾಚು. ಹೀಗೆ ಬಿಡಬಾರದು."

ಅಕ್ಕ ಬಿಳಿ ಬಟ್ಟೆ ತಂದು ಹಾಸಿದಳು. ಹೆಂಡತಿಯ ತಮ್ಮನ ಮುಖ ಮರೆತ ಆ ಮನುಷ್ಯನ ಬೆರಳುಗಳು ವಾಚಿನ ಬೆನ್ನಿನ ಮುಚ್ಚಳ ಮರೆತಿರಲಿಲ್ಲ. ಅವು ನಡುಗದೆ ಅದನ್ನು ತೆರೆದವು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಭಾವ ಕೇಳಿದ:

"ಎಲ್ಲಿಂದ ಬಂದ್ರಿ?"

ನಿಮಿಷಪ್ಪ ಊರಿನ ಹೆಸರು ಹೇಳಿದ.

"ಓ, ಒಂಬತ್ತು ಗಂಟೆ ಹತ್ತು ನಿಮಿಷ," ಎಂದ ಭಾವ.

ನಿಮಿಷಪ್ಪನ ಕೈ ಜೇಬಿನ ನೋಟ್‌ಬುಕ್ಕಿನ ಮೇಲಿತ್ತು. ಅಲ್ಲೇ ನಿಂತಿತು.

"ಯಾರು ಹೇಳಿದ್ರು?"

"ಇವಳ ತಮ್ಮ. ಅವನು ಹೇಳಿದ್ರೆ ಮುಗೀತು, ಬೇರೆ ಮಾತಿಲ್ಲ. ಎದುರು ಗಾಳಿ ನೋಡಿ, ಅದಕ್ಕೇ ಅಷ್ಟು ಹಿಡಿಯುತ್ತೆ. ನಾನೂ ಒಂದ್ಸಲ ಇಲ್ಲಿಗೆ ವಾಪಸ್ ಬರುವಾಗ ಗಡಿಯಾರ ನೋಡಿದ್ದೆ. ಸರಿಯಾಗೇ ಇತ್ತು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಜಗಳ ಆಗಿ ವಾಪಸ್ ಬಂದಾಗ ಕಣೋ," ಎಂದಳು. "ದಾರಿಯೆಲ್ಲ ವಾಚು ನೋಡ್ತಾ ಕೂತಿದ್ರು. ಇಳಿದ ಮೇಲೆ ಯಾರಿಗೂ ಹೇಳಬೇಡ ಅಂದ್ರು. ಅದಕ್ಕೆ ಮುಂಚೆ ನಿದ್ದೆ ಅನ್ನೋದೆಲ್ಲ ಸುಳ್ಳು. ನಿನ್ನ ಬಿಟ್ಟು ಬರುವಾಗೆಲ್ಲ ನಾನು ಅಳ್ತಿದ್ದೆ. ಅದನ್ನ ನೋಡೋಕಾಗದೆ ಕಣ್ಣು ಮುಚ್ಚಿಕೊಳ್ತಿದ್ರು."

ಭಾವ ಇದನ್ನು ಬೇರೆ ಯಾರದೋ ಕಥೆ ಎನ್ನುವಂತೆ ಕೇಳಿಸಿಕೊಂಡ. ಸಣ್ಣ ಕಡ್ಡಿಯ ತುದಿಯಲ್ಲಿ ಎಣ್ಣೆ ಮುಟ್ಟಿಸಿ, ಚಕ್ರಗಳು ಓಡುವುದನ್ನು ನೋಡಿ ತೃಪ್ತಿಯಿಂದ ತಲೆದೂಗಿದ.

"ಒಳ್ಳೇ ಹುಡುಗ," ಎಂದ. "ನಾನೇ ಸಾಕಿದ್ದು. ಆದರೆ ಬರೋದೇ ಇಲ್ಲ ನೋಡಿ. ಒಂಬತ್ತು ಗಂಟೆ ಹತ್ತು ನಿಮಿಷದ ದಾರಿ. ಇಷ್ಟು ವರ್ಷ ಬೇಕಾ?"

ನಿಮಿಷಪ್ಪ ಜೇಬಿನಿಂದ ಕೈ ತೆಗೆದ. ನೋಟ್‌ಬುಕ್ಕು ಜೇಬಿನಲ್ಲೇ ಉಳಿಯಿತು. ಮೂವತ್ತನಾಲ್ಕು ವರ್ಷದ ಅಭ್ಯಾಸ ಬಾಯಿಂದ ತಾನಾಗಿ ಹೊರಬಂತು.

"ಹೊರಟಿದ್ದಾನೆ. ತಡವಾಗಿದೆ."

"ಯಾಕಂತೆ?"

ಕಾರಣ ಹೇಳುವ ಕಟ್ಟಳೆ ಇರಲಿಲ್ಲ. ಆದರೂ ಅವನು ಹೇಳಿದ: "ಅವನದೇ ತಪ್ಪು ಭಾವ."

"ಛೆ, ಹಾಗನ್ಬೇಡಿ," ಎಂದ ಭಾವ, ಹೆಂಡತಿಯ ತಮ್ಮನನ್ನು ಬಿಟ್ಟುಕೊಡದೆ. ವಾಚಿನ ಬೆನ್ನು ಮುಚ್ಚಿ, ಕೀ ಕೊಟ್ಟು, ನಿಮಿಷಪ್ಪನ ಕೈ ಎಳೆದುಕೊಂಡು ತಾನೇ ಕಟ್ಟಿದ. "ಎದುರು ಗಾಳಿ ಇರುತ್ತಲ್ಲ. ಬರ್ತಾನೆ, ಇರಿ. ನೀವೂ ಅವನನ್ನ ನೋಡಿಕೊಂಡೇ ಹೋಗಿ."

ನಿಮಿಷಪ್ಪ "ಆಗಲಿ" ಎಂದ. ಅಕ್ಕ ಕುಡಿಯಲು ಏನಾದರೂ ತರುತ್ತೇನೆಂದು ಒಳಗೆ ಹೋದಳು. ಇಬ್ಬರೂ ಹೊರಬಾಗಿಲ ಕಡೆ ನೋಡುತ್ತ ಕುಳಿತರು.